ಹಳೆಯ ನಿಘಂಟಿನೊಳಗೆ ಸಿಕ್ಕ ರೋಮ್ ಚಿತ್ರ: ಅಸಲಿ ಎಚ್ಚಿಂಗೋ, ಬರಿಯ ಪಡಿಯಚ್ಚೋ?

ಹಾಳೆಹುಳು
ಮನೆಯ ಹಳೆಯ ಪುಸ್ತಕಗಳ ಧೂಳು ಹೊಡೆಯುವಾಗ ದಪ್ಪ ನಿಘಂಟೊಂದರ ನಡುವಿನಿಂದ ಹಾಳೆಯೊಂದು ಜಾರಿ ಬಿತ್ತು. ಪಾಳುಬಿದ್ದ ರೋಮನ್ ಕಮಾನು, ಅದರ ನೆತ್ತಿಯ ಮೇಲೆ ಪೊದೆ, ಬುಡದಲ್ಲಿ ಇರುವೆಗಳಂತೆ ಮನುಷ್ಯರು. ಕಪ್ಪು ಮಸಿ, ಕಂದು ತಿರುಗಿದ ಕಾಗದ. ಬಲಮೂಲೆಯಲ್ಲಿ ಲ್ಯಾಟಿನ್ ಅಕ್ಷರಗಳಲ್ಲಿ ಸಣ್ಣದಾಗಿ ‘ಪಿರಾನೇಸಿ ಎಫ್’ ಎಂದಿದೆ. ಚಿತ್ರದ ಸುತ್ತ ಕಾಗದ ಚೌಕಟ್ಟಿನಂತೆ ಒಳಕ್ಕೆ ತಗ್ಗಿದೆ. ಅಳೆದು ನೋಡಿದೆ: ಅಗಲ 25 ಸೆಂಟಿಮೀಟರ್, ಎತ್ತರ 17.

ಪಿರಾನೇಸಿ ಎಂದರೆ ರೋಮ್ ಚಿತ್ರಗಳಿಗೆ ಹೆಸರಾದ 18ನೆಯ ಶತಮಾನದ ಇಟಲಿಯ ಕಲಾವಿದ. ಇದು ನಿಜಕ್ಕೂ ಆ ಕಾಲದ ಎಚ್ಚಿಂಗೇ (ಲೋಹದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು ಒತ್ತಿದ ಅಚ್ಚೇ) ಎಂದು ಮನೆಯಲ್ಲಿ ಕುಳಿತೇ ತಿಳಿಯುವ ದಾರಿ ಇದೆಯೇ? ಜೊತೆಗೆ ಇನ್ನೊಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಒಂದೇ ತಗಡಿನಿಂದ ನೂರಾರು ಹಾಳೆ ತೆಗೆದ ಮೇಲೆ ಅದರಲ್ಲಿ ಒಂದನ್ನು ‘ಮೂಲಕೃತಿ’ ಎಂದು ಯಾವ ಬಾಯಿಯಿಂದ ಕರೆಯುತ್ತಾರೆ?

ದಾರಿಹೋಕ
ಪಿರಾನೇಸಿ ಎಂದರೆ ಕೋಟಿಗಟ್ಟಲೆ ಹಣ! ಬ್ಯಾಂಕಿನ ಲಾಕರ್‌ನಲ್ಲಿಡಿ, ಯಾರಿಗೂ ಹೇಳಬೇಡಿ. ಓ, ಆಗಲೇ ಹೇಳಿಬಿಟ್ಟಿದ್ದೀರಿ.

ಭೂತಗನ್ನಡಿ
ಕೋಟಿಯ ಮಾತು ಬಿಡಿ. ಪಿರಾನೇಸಿಯ ಹಾಳೆಗಳು ಅಪರೂಪದವಲ್ಲ. ‘ರೋಮ್ ನೋಟಗಳು’ ಮಾಲೆಯಲ್ಲೇ ಸುಮಾರು 135 ತಗಡುಗಳಿವೆ. ಅವನು 1778ರಲ್ಲಿ ತೀರಿಕೊಂಡ ಮೇಲೆ ಮಕ್ಕಳು ತಗಡುಗಳನ್ನು ಪ್ಯಾರಿಸ್‌ಗೆ ಒಯ್ದು ಮತ್ತೆ ಅಚ್ಚು ಹಾಕಿಸಿದರು. ಅಲ್ಲಿಂದ ಕೈಬದಲಾಗಿ, ಇನ್ನೊಂದು ಸುತ್ತು ಅಚ್ಚಾಗಿ, ಕೊನೆಗೆ ಅವು ರೋಮ್‌ಗೇ ಮರಳಿದವು. ಇಂದಿಗೂ ಅಲ್ಲಿನ ಸರ್ಕಾರಿ ಸಂಗ್ರಹದಲ್ಲಿವೆ. ಆದ್ದರಿಂದ ‘ಪಿರಾನೇಸಿಯ ತಗಡಿನದು’ ಎಂಬುದೂ ‘ಪಿರಾನೇಸಿಯೇ ಅಚ್ಚು ತೆಗೆದದ್ದು’ ಎಂಬುದೂ ಬೇರೆ ಬೇರೆ ಮಾತು.

ಆದರೆ ನನಗೆ ಮೊದಲು ಚುಚ್ಚಿದ್ದು ನಿಮ್ಮ ಅಳತೆ. ಆ ಮಾಲೆಯ ತಗಡುಗಳು ದೊಡ್ಡವು, ಸುಮಾರಾಗಿ 40ಕ್ಕೆ 60 ಸೆಂಟಿಮೀಟರ್ ಆಸುಪಾಸು. ನಿಘಂಟಿನೊಳಗೆ ಮಡಿಸದೆ ಕೂರುವ ಗಾತ್ರವಲ್ಲ. ಅವನು ಚಿಕ್ಕ ಎಚ್ಚಿಂಗ್‌ಗಳನ್ನೂ ಮಾಡಿದ್ದಾನೆ, ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡುವುದಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಏನು ಕಾಣುತ್ತದೆ ಹೇಳಿ.

ಸಂದೇಹಿ
ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸುವುದಿಲ್ಲ ನೋಡಿ, ಎಲ್ಲರೂ ಭೂತಗನ್ನಡಿ ಹಿಡಿದು ಓಡುತ್ತಾರೆ. ನನ್ನ ಅಭಿಪ್ರಾಯ ನೇರವಾಗಿದೆ. ಒಂದು ತಗಡು, ಐನೂರು ಹಾಳೆ: ಇದು ಕಲೆಗಿಂತ ಹೆಚ್ಚಾಗಿ ಕಾರ್ಖಾನೆ. ಆ ಕಾಲಕ್ಕೆ ಕ್ಯಾಮೆರಾ ಇರಲಿಲ್ಲ, ಪ್ರವಾಸಿಗರಿಗೆ ನೆನಪಿಗೊಂದು ಚಿತ್ರ ಬೇಕಿತ್ತು, ಪಿರಾನೇಸಿ ಮಾರಿದ. ಇಂದಿನ ಪೋಸ್ಟ್‌ಕಾರ್ಡಿಗೆ ಯಾರಾದರೂ ಚಿನ್ನದ ಚೌಕಟ್ಟು ಹಾಕಿಸುತ್ತಾರೆಯೇ?

ಮಸಿಬೆರಳು
ಸಂದೇಹಿ ಅವರೇ, ಒಂದೇ ಒಂದು ಸಲ ಅಚ್ಚುಯಂತ್ರದ ಪಕ್ಕ ನಿಂತಿದ್ದರೆ ‘ಕಾರ್ಖಾನೆ’ ಎಂಬ ಪದ ನಿಮ್ಮ ಬಾಯಿಗೆ ಬರುತ್ತಿರಲಿಲ್ಲ. ನಾನು ಹನ್ನೆರಡು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಇವತ್ತಿಗೂ ಒಂದರಂತೆ ಇನ್ನೊಂದನ್ನು ತೆಗೆಯಲು ಬೆವರು ಹರಿಸಬೇಕು.

ತಾಮ್ರದ ತಗಡನ್ನು ಕನ್ನಡಿಯಂತೆ ಉಜ್ಜಿ, ಬಿಸಿ ಮಾಡಿ, ಜೇನುಮೇಣ, ರಾಳ, ಅಸ್ಫಾಲ್ಟು ಸೇರಿದ ತೆಳುವಾದ ಲೇಪ ಹಚ್ಚುತ್ತೇವೆ. ಇದಕ್ಕೆ ಗ್ರೌಂಡ್ ಎನ್ನುತ್ತೇವೆ. ತಗಡನ್ನು ತಲೆಕೆಳಗಾಗಿ ಹಿಡಿದು ಮೇಣದ ಬತ್ತಿಯ ಹೊಗೆಯಲ್ಲಿ ಆ ಲೇಪವನ್ನು ಕಪ್ಪಾಗಿಸಿದರೆ ಗೆರೆ ಹೊಳೆದು ಕಾಣುತ್ತದೆ. ಸೂಜಿ ಲೇಪವನ್ನು ಮಾತ್ರ ಸೀಳಬೇಕು, ತಾಮ್ರವನ್ನಲ್ಲ. ಆಮೇಲೆ ಆಮ್ಲದ ತೊಟ್ಟಿ. ಸೂಜಿ ಸೀಳಿದಲ್ಲೆಲ್ಲ ಆಮ್ಲ ತಾಮ್ರವನ್ನು ತಿನ್ನುತ್ತದೆ. ಹಗುರ ಗೆರೆ ಬೇಕಾದ ಕಡೆ ತಗಡನ್ನು ಬೇಗ ಹೊರತೆಗೆದು, ಅಲ್ಲಿಗೆ ವಾರ್ನಿಷ್ ಬಳಿದು, ಉಳಿದದ್ದನ್ನು ಮತ್ತೆ ಮುಳುಗಿಸಬೇಕು. ದೂರದ ಬೆಟ್ಟಕ್ಕೆ ಎರಡು ನಿಮಿಷವಾದರೆ ಹತ್ತಿರದ ಮರದ ಬೊಡ್ಡೆಗೆ ಅರ್ಧ ಗಂಟೆ.

ಇಷ್ಟೆಲ್ಲ ಆದರೂ ತಗಡು ಮೂಕವೇ. ಮಸಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಕೊನೆಗೆ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿಕೊಂಡು ಅಂಗೈಯ ಅಂಚಿನಿಂದ ತಗಡಿನ ಮೈಯನ್ನು ಸವರುತ್ತೇವೆ. ಆಗ ‘ಸರ್, ಸರ್’ ಎಂದು ರೇಷ್ಮೆ ಹರಿದಂಥ ಸದ್ದು ಬರುತ್ತದೆ. ಆ ಸದ್ದು ಒಣಗಿದಂತಾದರೆ ಸಾಕು, ನಿಲ್ಲಿಸಬೇಕು. ಇನ್ನೂ ನಾಲ್ಕು ಸಲ ಸವರಿದರೆ ಆಕಾಶ ಬೆಳ್ಳಗಾಗುತ್ತದೆ, ಎರಡು ಸಲ ಕಡಿಮೆ ಮಾಡಿದರೆ ಸಂಜೆಯಾಗುತ್ತದೆ. ಅದೇ ತಗಡು, ಬೇರೆ ಹವಾಮಾನ.

ಕ್ಷಾರಾಮ್ಲ
ಆಮ್ಲ ಎಂದಷ್ಟೇ ಹೇಳಿ ಬಿಟ್ಟರೆ ರಸಾಯನಶಾಸ್ತ್ರದವರಿಗೆ ನೋವಾಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ತಾಮ್ರ ಕರಗುವಾಗ ಅನಿಲ ಹೊರಡುತ್ತದೆ, ಗೆರೆಯ ಉದ್ದಕ್ಕೂ ಗುಳ್ಳೆ ಸಾಲುಗಟ್ಟುತ್ತದೆ. ಗುಳ್ಳೆ ಕುಳಿತಲ್ಲಿ ಆಮ್ಲ ತಾಕದೆ ಗೆರೆ ಹಲ್ಲುಹಲ್ಲಾಗುತ್ತದೆ. ಹಿಂದಿನವರು ಹಕ್ಕಿಯ ಗರಿಯಿಂದ ಆ ಗುಳ್ಳೆಗಳನ್ನು ಸವರಿ ತೆಗೆಯುತ್ತಿದ್ದುದು ಅದಕ್ಕೇ. ಫೆರಿಕ್ ಕ್ಲೋರೈಡ್‌ನಲ್ಲಿ ಗುಳ್ಳೆ ಇಲ್ಲ, ಆದರೆ ಗೆರೆಯ ತಳದಲ್ಲಿ ಗಸಿ ಕೂರುತ್ತದೆ. ಆದ್ದರಿಂದ ತಗಡನ್ನು ಬೋರಲಾಗಿಯೋ ನೆಟ್ಟಗೋ ಇಡಬೇಕು. 17ನೆಯ ಶತಮಾನದವರು ಇದಕ್ಕಿಂತ ಸೌಮ್ಯವಾದದ್ದನ್ನೂ ಬಳಸಿದರು: ವಿನೆಗರ್, ಉಪ್ಪು, ನವಸಾಗರ, ತಾಮ್ರದ ಕಿಲುಬು. ಅದು ನಿಧಾನ, ಆದರೆ ನಯ.

ಮಸಿಬೆರಳು
ಗರಿಯ ಮಾತು ಸರಿ. ನಾನು ಕಲಿಯುವಾಗ ಒಮ್ಮೆ ಗ್ರೌಂಡ್ ಸರಿಯಾಗಿ ಹಿಡಿಯದೆ, ಮೂರು ವಾರ ಗೀಚಿದ ತಗಡಿನ ಆಕಾಶದ ತುಂಬ ಸಿಡುಬಿನಂತೆ ಚುಕ್ಕೆ ಎದ್ದಿತು. ಅಳು ಬಂತು. ಪಕ್ಕದಲ್ಲಿದ್ದವರು ‘ಮಳೆ ಎಂದು ಹೆಸರಿಡು’ ಎಂದರು. ಇಟ್ಟೆ. ಅದೊಂದೇ ಪ್ರದರ್ಶನದಲ್ಲಿ ಮಾರಾಟವಾದದ್ದು.

ದಾರಿಹೋಕ
ಹಾಗಾದರೆ ಕಲಾವಿದ ನೀವೋ, ಆಮ್ಲವೋ?

ಇತಿಹಾಸದ ಮೇಷ್ಟ್ರು
ಈ ಕಲೆ ಹುಟ್ಟಿದ್ದು ಚಿತ್ರಕಾರರ ಕೋಣೆಯಲ್ಲಲ್ಲ, ಕವಚ ಮಾಡುವವರ ಕೊಟ್ಟಿಗೆಯಲ್ಲಿ. ಸೈನಿಕರ ಉಕ್ಕಿನ ಎದೆಕವಚದ ಮೇಲೆ ಬಳ್ಳಿ, ಹೂವು ಬಿಡಿಸಲು ಆಮ್ಲ ಬಳಸುತ್ತಿದ್ದರು. ಜರ್ಮನಿಯ ಆಗ್ಸ್‌ಬರ್ಗ್‌ನ ಡೇನಿಯಲ್ ಹಾಪ್ಫರ್ ಅದನ್ನೇ ಕಬ್ಬಿಣದ ತಗಡಿಗೆ ತಂದು ಕಾಗದಕ್ಕೆ ಒತ್ತಿದ. ಇಸವಿ ಬರೆದಿರುವ ಅತ್ಯಂತ ಹಳೆಯ ಎಚ್ಚಿಂಗ್ 1513ರದು, ಸ್ವಿಸ್ ಕಲಾವಿದ ಉರ್ಸ್ ಗ್ರಾಫ್‌ನದು. ಜರ್ಮನ್ ಕಲಾವಿದ ಡ್ಯೂರರ್ ಕೂಡ 1515ರಿಂದ 1518ರ ನಡುವೆ ಆರು ಎಚ್ಚಿಂಗ್ ಮಾಡಿ ಕೈಬಿಟ್ಟ. ಕಬ್ಬಿಣದಲ್ಲಿ ಗೆರೆ ಒರಟು, ತಗಡಿಗೆ ತುಕ್ಕು ಬೇರೆ. ತಾಮ್ರಕ್ಕೆ ಬಂದ ಮೇಲೆಯೇ ಇದಕ್ಕೆ ನಾಜೂಕು ಬಂದದ್ದು.

ಕಡಲಾಚೆ
ಡ್ಯೂರರ್‌ನ ಆ ಪ್ರಸಿದ್ಧ ಘೇಂಡಾಮೃಗವೂ ಎಚ್ಚಿಂಗೇ ಅಲ್ಲವೇ? ಅವನು ಪ್ರಾಣಿಯನ್ನು ಕಣ್ಣಾರೆ ನೋಡಿಯೇ ಇರಲಿಲ್ಲವಂತೆ.

ಭೂತಗನ್ನಡಿ
ನೋಡಿರಲಿಲ್ಲ ಎನ್ನುವುದು ನಿಜ, ಎಚ್ಚಿಂಗ್ ಎನ್ನುವುದು ಸುಳ್ಳು. 1515ರ ಆ ಘೇಂಡಾಮೃಗ ಮರದಚ್ಚು. ಮರದಚ್ಚಿನಲ್ಲಿ ಉಬ್ಬಿ ನಿಂತ ಭಾಗ ಮಸಿ ಹಿಡಿಯುತ್ತದೆ, ತಾಮ್ರದಲ್ಲಿ ತಗ್ಗಾದ ಭಾಗ. ತಾಮ್ರದಲ್ಲೂ ಎರಡು ಬಗೆ. ಉಳಿಯಂಥ ಬ್ಯೂರಿನ್ ಹಿಡಿದು ಲೋಹವನ್ನೇ ಉತ್ತು ತೆಗೆದರೆ ಎನ್‌ಗ್ರೇವಿಂಗ್. ಅದರ ಗೆರೆ ಮೀನಿನಂತೆ, ನಡುವೆ ಉಬ್ಬಿ ತುದಿಯಲ್ಲಿ ಚೂಪಾಗುತ್ತದೆ. ಆಮ್ಲ ತಿಂದ ಗೆರೆಯ ತುದಿ ಮೊಂಡು, ಅಂಚು ಸ್ವಲ್ಪ ತರಿ. ಕೈ ಬರೆಯುವಷ್ಟೇ ಸಲೀಸಾಗಿ ಓಡಿರುತ್ತದೆ, ಏಕೆಂದರೆ ಸೂಜಿಗೆ ಮೇಣ ಮಾತ್ರ ಅಡ್ಡಿ.

ಪದಜಿಪುಣ
ಅದಕ್ಕೇ ಕೇಳುತ್ತೇನೆ, ಎಚ್ಚಿಂಗ್‌ಗೆ ‘ಕೆತ್ತನೆ’ ಎಂದು ಬರೆಯುವುದನ್ನು ಯಾವಾಗ ನಿಲ್ಲಿಸುತ್ತೀರಿ? ಇಲ್ಲಿ ಕೈ ಕೆತ್ತುವುದೇ ಇಲ್ಲ. ಆ ಇಂಗ್ಲಿಷ್ ಪದ ಡಚ್ಚರ ಮೂಲಕ ಜರ್ಮನ್‌ನಿಂದ ಬಂದದ್ದು, ಬೇರಿನಲ್ಲಿ ‘ತಿನ್ನಿಸು’ ಎಂದೇ ಅರ್ಥ. ನಮ್ಮಲ್ಲಿ ಕಡಲು ದಡವನ್ನು ತಿಂದರೆ ಕಡಲ್ಕೊರೆತ ಎನ್ನುತ್ತೇವೆ. ಆಮ್ಲ ತಾಮ್ರವನ್ನು ತಿಂದರೆ ‘ಆಮ್ಲಕೊರೆತ’ ಎನ್ನಬಾರದೇಕೆ?

ಸಂದೇಹಿ
ಕಡಲ್ಕೊರೆತಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ, ಇದಕ್ಕೂ ಕೊಡುತ್ತದೆಯೇ?

ಮಸಿಬೆರಳು
ಪದ ಚೆನ್ನಾಗಿದೆ, ಬಳಸುವವರು ಬೇಕು. ನಾವು ಕೆಲಸದ ಕೋಣೆಯಲ್ಲಿ ಎಚ್ಚಿಂಗ್ ಎಂದೇ ಅನ್ನುತ್ತೇವೆ. ಕೈ ಮಸಿಯಾಗಿರುವಾಗ ನಿಘಂಟು ಮುಟ್ಟಲಾಗುವುದಿಲ್ಲ.

ಹಾಳೆಹುಳು
ಬೆಳಕಿಗೆ ಹಿಡಿದೆ. ನೀರುಗುರುತು ಕಾಣಲಿಲ್ಲ, ಗೆರೆಗೆರೆಯೂ ಇಲ್ಲ. ಕಾಗದ ಮೋಡದಂತೆ ಒಂದೇ ಸಮ ಇದೆ. ಇದು ಒಳ್ಳೆಯದೋ ಕೆಟ್ಟದ್ದೋ?

ಭೂತಗನ್ನಡಿ
ಸ್ವಲ್ಪ ಕೆಟ್ಟದ್ದು. ಕೈಯಲ್ಲಿ ಮಾಡಿದ ಹಳೆಯ ಕಾಗದವನ್ನು ತಂತಿಯ ಜರಡಿಯಲ್ಲಿ ಎತ್ತುತ್ತಿದ್ದರು. ಆ ತಂತಿಗಳ ಒತ್ತಾದ ಗೆರೆ, ಅವಕ್ಕೆ ಅಡ್ಡಲಾಗಿ ದೂರದೂರದ ಸರಪಳಿ ಗೆರೆ ಬೆಳಕಿನಲ್ಲಿ ಕಾಣಬೇಕು. ಗೆರೆಯಿಲ್ಲದ ನಯವಾದ ಕಾಗದ ಯೂರೋಪಿನಲ್ಲಿ ಬಂದದ್ದು 1750ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ, ಅದೂ ಮೊದಮೊದಲು ಅಪರೂಪ. ಆ ಕಾಲದ ರೋಮ್‌ನ ಅಚ್ಚುಕೋಣೆಯ ಹಾಳೆಯಲ್ಲಿ ಗೆರೆ ಇರಬೇಕಿತ್ತು.

ಇನ್ನೊಂದು ಪರೀಕ್ಷೆ. ರಾತ್ರಿ ದೀಪವನ್ನು ಹಾಳೆಯ ಪಕ್ಕದಲ್ಲಿ, ಮೇಜಿನ ಮಟ್ಟಕ್ಕೆ ಇಟ್ಟು ನೋಡಿ. ನಿಜವಾದ ಎಚ್ಚಿಂಗ್‌ನಲ್ಲಿ ಆಳವಾದ ಗೆರೆಗಳ ಮಸಿ ಕಾಗದದ ಮೇಲೆ ಎದ್ದು ನಿಂತು ತನ್ನದೇ ಸಣ್ಣ ನೆರಳು ಬೀರುತ್ತದೆ. ಒದ್ದೆ ಕಾಗದ ತಗ್ಗಿನೊಳಗೆ ಇಳಿದು ಮಸಿಯನ್ನು ಎತ್ತಿಕೊಂಡು ಬಂದದ್ದರ ಗುರುತು ಅದು. ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಕತ್ತಲೆಯ ಭಾಗ ನೋಡಿ. ಸಾಲಾಗಿ ಚುಕ್ಕಿ ಕಂಡರೆ ಪತ್ರಿಕೆಯ ಚಿತ್ರದಂಥ ಮುದ್ರಣ, ಮಾತು ಮುಗಿಯಿತು.

ಇತಿಹಾಸದ ಮೇಷ್ಟ್ರು
ಅವರು ಮಸೂರ ಹುಡುಕುವಷ್ಟರಲ್ಲಿ ಸಂದೇಹಿಗೆ ಒಂದು ಮಾತು. ‘ಕಾರ್ಖಾನೆ’ ಎಂದಿರಿ. ಡಚ್ ಕಲಾವಿದ ರೆಂಬ್ರಾಂಟ್ ತನ್ನ ‘ಮೂರು ಶಿಲುಬೆ’ಯನ್ನು 1653ರಲ್ಲಿ ಮಾಡಿ, ಆಮೇಲೆ ಅದೇ ತಗಡನ್ನು ಕೆರೆದು, ಹಳೆಯ ಜನರನ್ನು ಅಳಿಸಿ, ಹೊಸಬರನ್ನು ತಂದು, ಇಡೀ ದೃಶ್ಯದ ಮೇಲೆ ಕತ್ತಲೆಯ ಪರದೆ ಇಳಿಬಿಟ್ಟ. ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟರೆ ಒಂದೇ ತಗಡೆಂದು ನಂಬುವುದೇ ಕಷ್ಟ. ಯಾವ ಕಾರ್ಖಾನೆ ತನ್ನ ಮಾಲನ್ನು ಹೀಗೆ ನಡುವೆಯೇ ಕೆಡಿಸಿ ಕಟ್ಟುತ್ತದೆ?

ಅವನ ‘ನೂರು ಗಿಲ್ಡರ್ ಚಿತ್ರ’ದ ತಗಡಿನ ಗತಿಯೂ ಕೇಳಿ. ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಅದು ಕ್ಯಾಪ್ಟನ್ ವಿಲಿಯಂ ಬೇಲಿ ಎಂಬವನ ಕೈಗೆ ಬಂತು. ಅವನು ಸವೆದ ಗೆರೆಗಳನ್ನು ತಾನೇ ತಿದ್ದಿ ಮತ್ತಷ್ಟು ಹಾಳೆ ತೆಗೆದು, ಸಾಲದ್ದಕ್ಕೆ ತಗಡನ್ನು ನಾಲ್ಕು ತುಂಡು ಮಾಡಿ, ಆ ತುಂಡುಗಳಿಂದಲೂ ಅಚ್ಚು ತೆಗೆದ.

ಮಸಿಬೆರಳು
ಮೇಷ್ಟ್ರೇ, ‘ಮೂರು ಶಿಲುಬೆ’ ಎಚ್ಚಿಂಗ್ ಅಲ್ಲ, ಡ್ರೈಪಾಯಿಂಟ್. ಆಮ್ಲವೇ ಇಲ್ಲ, ಸೂಜಿಯಿಂದ ನೇರವಾಗಿ ತಾಮ್ರವನ್ನೇ ಗೀರಿದ್ದು. ಗೀರಿದಾಗ ಗೆರೆಯ ಅಂಚಿನಲ್ಲಿ ಏಳುವ ಲೋಹದ ಸುರುಳಿ ಮಸಿ ಹಿಡಿದು ಮಖಮಲ್ಲಿನಂಥ ಕಪ್ಪು ಕೊಡುತ್ತದೆ. ಆದರೆ ಒತ್ತಿದಂತೆಲ್ಲ ಆ ಸುರುಳಿ ಚಪ್ಪಟೆಯಾಗುತ್ತದೆ. ಕೆಲವು ಡಜನ್ ಹಾಳೆಯ ಮೇಲೆ ಮಖಮಲ್ಲು ಹೋಗಿ ಗೋಣಿಯಾಗುತ್ತದೆ. ಒಂದೇ ತಗಡಿನಲ್ಲಿ ಎಷ್ಟನೆಯ ಹಾಳೆ ಎಂಬುದು ಮುಖ್ಯವಾಗುವುದು ಇದಕ್ಕೇ.

ಇತಿಹಾಸದ ಮೇಷ್ಟ್ರು
ತಪ್ಪು ಒಪ್ಪಿದೆ. ಗೋಣಿಯ ಹೋಲಿಕೆಯನ್ನು ಕದ್ದುಕೊಳ್ಳುತ್ತೇನೆ.

ಕಡಲಾಚೆ
ಘೇಂಡಾಮೃಗದಲ್ಲಿ ಎಡವಿದೆ, ಈಗ ಗಟ್ಟಿ ನೆಲದ ಮೇಲೆ ನಿಂತು ಹೇಳುತ್ತೇನೆ. ಈ ಹಾಳೆಗಳ ದೊಡ್ಡಸ್ತಿಕೆ ಇರುವುದು ಅವು ಅಗ್ಗವಾಗಿ, ಹಗುರವಾಗಿ, ಸುರುಳಿ ಸುತ್ತಿ ಹಡಗಿನಲ್ಲಿ ಹೋಗುವಂತಿದ್ದುದರಲ್ಲಿ. 1580ರಲ್ಲಿ ಜೆಸ್ಯೂಟ್ ಪಾದ್ರಿಗಳು ಅಕ್ಬರನ ಆಸ್ಥಾನಕ್ಕೆ ಬಂದಾಗ ಆಂಟ್‌ವರ್ಪ್‌ನಲ್ಲಿ ಅಚ್ಚಾದ ಬಹುಭಾಷಾ ಬೈಬಲ್ ತಂದರು. ಅದರ ತಾಮ್ರದಚ್ಚುಗಳನ್ನು ಆಸ್ಥಾನದ ಚಿತ್ರಕಾರರು ಕಣ್ಣಿಗೊತ್ತಿ ನೋಡಿದರು. ಮೊಘಲ್ ಚಿತ್ರಕಾರ ಅಬುಲ್ ಹಸನ್ 1600ರ ಸುಮಾರಿಗೆ, ಹದಿಮೂರರ ವಯಸ್ಸಿನಲ್ಲಿ, ಡ್ಯೂರರ್‌ನ 1511ರ ಅಚ್ಚಿನಿಂದ ಸಂತ ಜಾನ್‌ನ ಆಕೃತಿಯನ್ನು ಬಿಡಿಸಿದ್ದಾನೆ. (ಅದು ಎನ್‌ಗ್ರೇವಿಂಗ್, ನನಗೆ ಗೊತ್ತು, ಹೊಡೆಯಬೇಡಿ.)

ತಿರುಗಿ ಬಂದ ದಾರಿ ಇನ್ನೂ ಸೊಗಸು. ಮೊಘಲ್ ಚಿಕಣಿ ಚಿತ್ರಗಳು ಆಮ್‌ಸ್ಟರ್‌ಡ್ಯಾಮ್‌ಗೆ ಹೋದವು, ರೆಂಬ್ರಾಂಟ್ ಇಪ್ಪತ್ತಕ್ಕೂ ಹೆಚ್ಚನ್ನು ನೋಡಿ ಬಿಡಿಸಿಕೊಂಡ. 1656ರ ಅವನ ‘ದೇವದೂತರನ್ನು ಸತ್ಕರಿಸುವ ಅಬ್ರಹಾಮ’ ಎಚ್ಚಿಂಗ್ ನೋಡಿ: ನೆಲದ ಮೇಲೆ ಹಾಸು, ಅದರ ಮೇಲೆ ಸುತ್ತ ಕುಳಿತ ಗಡ್ಡಧಾರಿಗಳು, ನಡುವೆ ತಟ್ಟೆ. ಮರದಡಿ ಕುಳಿತ ಮುಲ್ಲಾಗಳ ಮೊಘಲ್ ಚಿತ್ರವೊಂದನ್ನು ಅವನು ಪ್ರತಿ ಮಾಡಿದ್ದ, ಆ ಕೂಟವೇ ಇಲ್ಲಿ ಬಂದು ಕುಳಿತಿದೆ. ಅವನು ಎಷ್ಟೋ ಹಾಳೆಗಳನ್ನು ಜಪಾನಿ ಕಾಗದದ ಮೇಲೂ ಒತ್ತಿದ, ಡಚ್ ಹಡಗುಗಳು ತಂದ ಕಾಗದ. ಅದೇ ಡಚ್ಚರು ಒಯ್ದ ವಿಶ್ವಕೋಶದ ವಿವರಣೆಯ ನೆರವಿನಿಂದ ಶಿಬಾ ಕೋಕಾನ್ 1783ರಲ್ಲಿ ಜಪಾನಿನ ಮೊದಲ ತಾಮ್ರದ ಎಚ್ಚಿಂಗ್ ಮಾಡಿದ. ಪಕ್ಕದಲ್ಲಿ ನಿಂತು ಕೈ ಹಿಡಿದು ಕಲಿಸುವ ಗುರು ಇಲ್ಲ, ಪುಸ್ತಕವೇ ಗುರು.

ಕ್ಷಾರಾಮ್ಲ
ಪುಸ್ತಕ ಓದಿ ಆಮ್ಲಕ್ಕೆ ಕೈ ಹಾಕುವ ಧೈರ್ಯಕ್ಕೆ ನಮಸ್ಕಾರ.

ಇತಿಹಾಸದ ಮೇಷ್ಟ್ರು
ಪುಸ್ತಕ ಗುರುವಾದದ್ದು ಅದಕ್ಕೂ ಮೊದಲು. 1645ರಲ್ಲಿ ಅಬ್ರಹಾಂ ಬಾಸ್ ಎಂಬ ಫ್ರೆಂಚ್ ಕಲಾವಿದ ಎಚ್ಚಿಂಗ್ ಕಲಿಸುವ ಕೈಪಿಡಿಯನ್ನೇ ಪ್ರಕಟಿಸಿದ. ಅವನ ಮೇಲ್ಪಂಕ್ತಿ ಜಾಕ್ ಕ್ಯಾಲೋ. ವೀಣೆಯಂಥ ವಾದ್ಯಗಳಿಗೆ ಬಳಿಯುವ ಗಟ್ಟಿ ವಾರ್ನಿಷನ್ನು ತಗಡಿಗೆ ತಂದವನು ಕ್ಯಾಲೋ. ಮೇಣಕ್ಕಿಂತ ಅದು ಗಟ್ಟಿ, ಆಮ್ಲದಲ್ಲಿ ಬಿರುಕು ಬಿಡುವುದಿಲ್ಲ. ಹಾಗಾಗಿ ಧೈರ್ಯವಾಗಿ ಹಲವು ಸಲ ಮುಳುಗಿಸಬಹುದು. 1633ರ ಅವನ ‘ಯುದ್ಧದ ಸಂಕಟಗಳು’ 18 ಹಾಳೆ, ಒಂದೊಂದೂ ಗೇಣಗಲ. ಒಂದರಲ್ಲಿ ಒಂದೇ ಮರ, ಅದರ ಕೊಂಬೆಗಳಿಂದ ನೇತಾಡುವ ಇಪ್ಪತ್ತಕ್ಕೂ ಹೆಚ್ಚು ಹೆಣ. ದೂರದಿಂದ ಹಣ್ಣು ಬಿಟ್ಟ ಮರದಂತೆ ಕಾಣುತ್ತದೆ. ಹತ್ತಿರ ಹೋದ ಮೇಲೆ ಹೊಟ್ಟೆ ತೊಳೆಸುತ್ತದೆ.

ಸಂದೇಹಿ
ಇದನ್ನು ಒಪ್ಪುತ್ತೇನೆ. ಆದರೆ ನೀವೇ ನನ್ನ ವಾದಕ್ಕೆ ಬಲ ಕೊಟ್ಟಿರಿ. ಇವೆಲ್ಲ ಪತ್ರಿಕೆಯ ಕೆಲಸ, ಸುದ್ದಿಯ ಕೆಲಸ. ಜನ ಕೊಂಡರು, ಗೋಡೆಗೆ ಅಂಟಿಸಿದರು, ಹರಿದು ಹೋಯಿತು. ‘ಮೂಲಕೃತಿ’ ಎಂಬ ಪೂಜೆ ಮಾಡಿದವರು ಆಮೇಲೆ ಬಂದ ವ್ಯಾಪಾರಿಗಳು. ಪೆನ್ಸಿಲ್‌ನಲ್ಲಿ ಸಹಿ ಹಾಕಿ ‘50ರಲ್ಲಿ 12’ ಎಂದು ಬರೆಯುವ ಪದ್ಧತಿಯೂ 19ನೆಯ ಶತಮಾನದ ಕೊನೆಯದಲ್ಲವೇ? ರೆಂಬ್ರಾಂಟ್ ಎಂದಾದರೂ ‘50ರಲ್ಲಿ 12’ ಎಂದು ಬರೆದನೇ?

ಭೂತಗನ್ನಡಿ
ಬರೆಯಲಿಲ್ಲ. ಇದರಲ್ಲಿ ನೀವು ಸರಿ. ಕೊರತೆಯನ್ನು ಬೇಕೆಂದೇ ಹುಟ್ಟಿಸುವುದು ಆಮೇಲಿನ ಚಾಳಿ.

ಮಸಿಬೆರಳು
ನನ್ನ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಬೇಡಿ.

ಇತಿಹಾಸದ ಮೇಷ್ಟ್ರು
ಜನ ಕೊಂಡರು ಎಂದಿರಲ್ಲ, ಅದರಿಂದಲೇ ಕಾನೂನು ಹುಟ್ಟಿತು. ಲಂಡನ್ನಿನ ವಿಲಿಯಂ ಹೊಗಾರ್ತ್ 1732ರಲ್ಲಿ ವೇಶ್ಯೆಯೊಬ್ಬಳ ಬದುಕನ್ನು ಆರು ಹಾಳೆಗಳಲ್ಲಿ ಹೇಳಿದ. ಎಲ್ಲೆಲ್ಲೂ ನಕಲಿ ಹಾವಳಿ. ಅವನು ಮತ್ತವನ ಗೆಳೆಯರು ಪಾರ್ಲಿಮೆಂಟಿನ ಬಾಗಿಲು ತಟ್ಟಿ ಅಚ್ಚುಚಿತ್ರಗಳಿಗೆ 14 ವರ್ಷದ ಹಕ್ಕು ಕೊಡುವ ಕಾನೂನು ತಂದರು. ಮುಂದಿನ ಕಥೆಯಾದ ದುಂದುಗಾರನ ಎಂಟು ಹಾಳೆಗಳನ್ನು ಆ ಕಾನೂನು ಜಾರಿಯಾಗುವ 1735ರ ಜೂನ್‌ವರೆಗೆ ತಡೆದಿಟ್ಟ. ಅಷ್ಟರಲ್ಲಿ ಕಳ್ಳರು ಅವನ ಮನೆಗೆ ಗಿರಾಕಿಗಳಂತೆ ಜನರನ್ನು ಕಳಿಸಿ, ಆ ಹಾಳೆಗಳಿಗೆ ಮೂಲವಾದ ವರ್ಣಚಿತ್ರಗಳನ್ನು ನೋಡಿ ಬರುವಂತೆ ಮಾಡಿ, ನೆನಪಿನಿಂದಲೇ ನಕಲು ಮಾಡಿಸಿ ಮೊದಲೇ ಮಾರಿಬಿಟ್ಟರು!

ದಾರಿಹೋಕ
ಸಿನಿಮಾ ಬಿಡುಗಡೆಗೆ ಮುನ್ನವೇ ಸೋರಿಕೆ. ಏನೂ ಬದಲಾಗಿಲ್ಲ.

ಪದಜಿಪುಣ
ಮೂಲೆಯ ಅಕ್ಷರಗಳ ಬಗ್ಗೆ ಯಾರೂ ಹೇಳಲಿಲ್ಲ. ‘ಎಫ್’ ಎಂದರೆ ‘ಫೆಕಿಟ್’, ಮಾಡಿದ. ‘ಪಿನ್‌ಕ್ಸಿಟ್’ ಎಂದರೆ ಬಣ್ಣದಲ್ಲಿ ಬರೆದವನು, ‘ಡೆಲಿನಿಯಾವಿಟ್’ ಎಂದರೆ ರೇಖೆ ಬಿಡಿಸಿದವನು, ‘ಸ್ಕಲ್ಪ್‌ಸಿಟ್’ ಎಂದರೆ ತಗಡಿಗೆ ಇಳಿಸಿದವನು, ‘ಎಕ್ಸ್‌ಕುಡಿಟ್’ ಎಂದರೆ ಪ್ರಕಟಿಸಿದವನು. ಇಷ್ಟು ಕೈಗಳ ಕೆಲಸವೆಂದು ಹಾಳೆಯೇ ಒಪ್ಪಿಕೊಳ್ಳುತ್ತದೆ. ಸಂದೇಹಿ ಅವರ ‘ಮೂಲ’ದ ಗಲಾಟೆಗೆ ನಮ್ಮ ಭಾಷೆಯಲ್ಲೇ ಒಂದು ತಮಾಷೆ ಇದೆ. ‘ಅಚ್ಚ’ ಎಂದರೆ ಬೆರಕೆಯಿಲ್ಲದ್ದು. ‘ಅಚ್ಚು’ ಎಂದರೆ ಒತ್ತಿ ತೆಗೆದ ಪ್ರತಿ. ನಡುವೆ ಒಂದು ಕೊಂಬು ಮಾತ್ರ.

ಕಡಲಾಚೆ
ಇದನ್ನು ಬರೆದಿಟ್ಟುಕೊಂಡೆ.

ಭೂತಗನ್ನಡಿ
ಸಂದೇಹಿ, ‘ಸುದ್ದಿಯ ಕೆಲಸ’ ಎಂಬ ಮಾತು ಸ್ಪೇನಿನ ಕಲಾವಿದ ಗೋಯಾನ ಬಳಿ ನಿಲ್ಲುವುದಿಲ್ಲ. 1799ರ ಫೆಬ್ರವರಿಯಲ್ಲಿ ಅವನು ‘ಕಾಪ್ರಿಚೋಸ್’ ಎಂಬ ಎಚ್ಚಿಂಗ್ ಮಾಲೆಯ 80 ಹಾಳೆಗಳ ಕಟ್ಟನ್ನು ಮಾರಾಟಕ್ಕಿಟ್ಟ. ಎಲ್ಲಿ ಗೊತ್ತೇ? ಮ್ಯಾಡ್ರಿಡ್‌ನಲ್ಲಿ ಸುಗಂಧದ್ರವ್ಯವೂ ಮದ್ಯವೂ ಸಿಗುವ ಒಂದು ಅಂಗಡಿಯಲ್ಲಿ. ಆ ಬೀದಿಯ ಹೆಸರಿನ ಅರ್ಥ ‘ಭ್ರಮನಿರಸನ’. ಮಾರಾಟವೂ ಹೆಸರಿಗೆ ತಕ್ಕಂತೆಯೇ ಆಯಿತು, ಸುಮಾರು 300 ಕಟ್ಟುಗಳಲ್ಲಿ 27 ಹೋದವು. 1803ರಲ್ಲಿ ತಗಡುಗಳನ್ನೂ ಉಳಿದ ಕಟ್ಟುಗಳನ್ನೂ ರಾಜನಿಗೆ ಒಪ್ಪಿಸಿ ಮಗನಿಗೆ ಪಿಂಚಣಿ ಪಡೆದ. ಮುಂದೆ ‘ಯುದ್ಧದ ಅನಾಹುತಗಳು’ ಮಾಡಿದಾಗ ಮಾರಾಟದ ಗೋಜಿಗೇ ಹೋಗಲಿಲ್ಲ. ಅವು ಜನರ ಕೈಗೆ ಬಂದದ್ದು 1863ರಲ್ಲಿ, ಅವನು ಸತ್ತು 35 ವರ್ಷವಾದ ಮೇಲೆ. ಯಾರಿಗೂ ಮಾರದ ಅಚ್ಚು ಯಾವ ಸುದ್ದಿ?

ಸಂದೇಹಿ
ಗೋಯಾನನ್ನು ಬಿಟ್ಟುಕೊಟ್ಟೆ. ಪಿರಾನೇಸಿಯನ್ನು ಬಿಡುವುದಿಲ್ಲ. ಅವನು ಊರನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸಿ ಮಾರಿದವನು. ಆ ಹಾಳೆಗಳನ್ನು ನೋಡಿ ಹೋದ ಜರ್ಮನ್ ಕವಿ ಗಯಟೆಗೇ ನಿಜವಾದ ಅವಶೇಷಗಳು ಸಪ್ಪೆ ಅನ್ನಿಸಿದವು.

ಮಸಿಬೆರಳು
ಅದು ಬೈಗುಳವೋ ಹೊಗಳಿಕೆಯೋ? ಅವನ ‘ಸೆರೆಮನೆಗಳು’ ನೋಡಿ. 1750ರ ಸುಮಾರಿಗೆ 14 ತಗಡು, ತೆಳುವಾಗಿ, ಕನಸಿನ ಗೀಚಿನಂತೆ. 1761ರಲ್ಲಿ ಅವನ್ನೇ ಮತ್ತೆ ಆಮ್ಲಕ್ಕಿಳಿಸಿ, ಹೊಸ ಏಣಿ, ಹೊಸ ಸರಪಳಿ, ಎಲ್ಲಿಗೂ ಹೋಗದ ಮೆಟ್ಟಿಲುಗಳನ್ನು ಸೇರಿಸಿ, ಇನ್ನೆರಡು ತಗಡು ಕೂಡಿಸಿ 16 ಮಾಡಿದ. ಹಳೆಯ ಗೆರೆ ನರದಂತಿದೆ, ಹೊಸ ಗೆರೆ ಹಗ್ಗದಂತಿದೆ. ಒಂದೇ ಹಾಳೆಯಲ್ಲಿ ಹತ್ತು ವರ್ಷದ ಅಂತರ ಕಾಣುತ್ತದೆ. ನಾನು ಸೋತಾಗಲೆಲ್ಲ ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುತ್ತೇನೆ.

ಹಾಳೆಹುಳು
ಎಲ್ಲರಿಗೂ ನಮಸ್ಕಾರ. ಮಸೂರ ಸಿಕ್ಕಿತು, ಪಕ್ಕದಲ್ಲಿ ದೀಪವಿಟ್ಟು ಅರ್ಧ ಗಂಟೆ ನೋಡಿದೆ. ಸಾಲು ಚುಕ್ಕಿಗಳಿಲ್ಲ. ಆದರೆ ಗೆರೆಗಳು ಎದ್ದು ನಿಂತಿಲ್ಲ, ಕಾಗದದೊಳಗೆ ಮಲಗಿವೆ. ಗೆರೆಯೊಳಗೂ ಗೆರೆಯ ನಡುವಿನ ಬಿಳಿಯಲ್ಲೂ ರವೆಯಂಥ ಸಣ್ಣ ಕಾಳುಕಾಳು, ಅಡ್ಡಾದಿಡ್ಡಿಯಾಗಿ ಇದೆ.

ಭೂತಗನ್ನಡಿ
ನನಗೆ ಅದೇ ಅನುಮಾನವಿತ್ತು. ಅದು ಫೋಟೋಗ್ರಾವ್ಯೂರ್. ಪಿರಾನೇಸಿಯ ದೊಡ್ಡ ಹಾಳೆಯ ಛಾಯಾಚಿತ್ರ ತೆಗೆದು, ಕುಗ್ಗಿಸಿ, ತಾಮ್ರದ ತಗಡಿಗೆ ಇಳಿಸಿ ಒತ್ತಿದ್ದು. ಆ ಕಾಳು ರಾಳದ ಪುಡಿಯ ಗುರುತು. ತಗಡಿನಿಂದಲೇ ಒತ್ತಿದ್ದರಿಂದ ಸುತ್ತಲಿನ ತಗ್ಗೂ ಬಂದಿದೆ. ವಿಯೆನ್ನಾದ ಕಾರೆಲ್ ಕ್ಲೀಚ್ 1879ರಲ್ಲಿ ಹದಗೊಳಿಸಿದ ವಿಧಾನ, ಆದ್ದರಿಂದ ಹಾಳೆ ಅದಕ್ಕಿಂತ ಈಚಿನದು. ಬೇಸರ ಮಾಡಿಕೊಳ್ಳಬೇಡಿ.

ದಾರಿಹೋಕ
ಲಾಕರ್ ಖಾಲಿ ಮಾಡಿ.

ಕ್ಷಾರಾಮ್ಲ
ಒಂದು ನಿಮಿಷ. ಫೋಟೋಗ್ರಾವ್ಯೂರ್‌ನಲ್ಲಿ ತಗಡಿಗೆ ರಾಳದ ಪುಡಿ ಉದುರಿಸಿ, ಬೆಳಕಿಗೆ ಒಡ್ಡಿದ ಜೆಲಾಟಿನ್ ಪೊರೆ ಅಂಟಿಸಿ, ಫೆರಿಕ್ ಕ್ಲೋರೈಡ್‌ಗೆ ಇಳಿಸುತ್ತಾರೆ. ಪೊರೆ ತೆಳುವಾಗಿರುವಲ್ಲಿ ದ್ರಾವಣ ಬೇಗ ತಲುಪಿ ಆಳವಾಗಿ ತಿನ್ನುತ್ತದೆ. ಅಂದರೆ ತಾಮ್ರವನ್ನು ಇಲ್ಲೂ ತಿಂದದ್ದು ರಾಸಾಯನಿಕವೇ. ಸೂಜಿಯ ಬದಲು ಬೆಳಕು ಬರೆದಿದೆ, ಅಷ್ಟೇ. ಪದಜಿಪುಣರ ಲೆಕ್ಕದಲ್ಲಿ ಇದೂ ಆಮ್ಲಕೊರೆತ.

ಪದಜಿಪುಣ
ಫೆರಿಕ್ ಕ್ಲೋರೈಡ್ ಆಮ್ಲವಲ್ಲ, ಲವಣ. ಆದರೂ ಪದ ಬಳಸಿದ್ದಕ್ಕೆ ಧನ್ಯವಾದ.

ಕ್ಷಾರಾಮ್ಲ
ನನಗೇ ಪಾಠವೇ! ಅದರ ದ್ರಾವಣ ಆಮ್ಲೀಯವೇ, ಸ್ವಾಮಿ.

ಸಂದೇಹಿ
ಈಗ ಮಜಾ ಬಂತು. ಹಾಗಾದರೆ ಇದು ಪಿರಾನೇಸಿಯ ಅಚ್ಚಿನ ಅಸಲಿ ಅಚ್ಚು. ಇದಕ್ಕೆ ಚೌಕಟ್ಟು ಹಾಕಿಸಿ, ನಾನೂ ಬಂದು ನೋಡುತ್ತೇನೆ.

ಮಸಿಬೆರಳು
ನಕ್ಕರೂ ಒಪ್ಪುವುದಿಲ್ಲ. ಅಲ್ಲಿ ಅವನ ಗೆರೆಯ ಚಿತ್ರವಿದೆ, ಗೆರೆಯಿಲ್ಲ. ಆಳ ಹೋಯಿತು. ಹತ್ತಿರದ ಕಲ್ಲಿನ ಗೆರೆ ಹಗ್ಗದಷ್ಟು ದಪ್ಪ, ದೂರದ ಮೋಡ ಕೂದಲಷ್ಟು ತೆಳು, ಅದು ಕಾಗದದ ಮೇಲೆ ಬೆರಳಿಗೆ ತಾಗಬೇಕು. (ಮುಟ್ಟಬೇಡಿ ಎಂದು ಕಾಗದ ಕಾಪಾಡುವವರು ಕೂಗುವ ಮುನ್ನ ನಾನೇ ಹೇಳಿಬಿಡುತ್ತೇನೆ: ಮುಟ್ಟಬೇಡಿ.)

ಭೂತಗನ್ನಡಿ
ಚೌಕಟ್ಟು ಹಾಕಿಸುವುದಾದರೆ ಆಮ್ಲರಹಿತ ರಟ್ಟು ಬಳಸಿ, ಗಾಜು ಹಾಳೆಗೆ ತಾಗದಿರಲಿ, ಬಿಸಿಲು ಬೀಳುವ ಗೋಡೆ ಬೇಡ. ಅಂಟುಟೇಪು ತಂದಿಟ್ಟಿದ್ದರೆ ಈಗಲೇ ಕಿಟಕಿಯಿಂದ ಎಸೆಯಿರಿ.

ಹಾಳೆಹುಳು
ಬೇಸರವೇನೂ ಇಲ್ಲ. ಮಸೂರ ಹಿಡಿದ ಮೇಲೆ ಬೇರೊಂದು ಸಿಕ್ಕಿತು. ಕಮಾನಿನ ಬುಡದಲ್ಲಿ, ಉಗುರಿಗಿಂತ ಚಿಕ್ಕ ಮನುಷ್ಯನೊಬ್ಬ ಕೋಲೂರಿ ನಿಂತಿದ್ದಾನೆ. ಹರಿದ ನಿಲುವಂಗಿ, ಒಂದು ಕೈ ಮೇಲಕ್ಕೆ ಚಾಚಿ ಏನನ್ನೋ ತೋರಿಸುತ್ತಿದ್ದಾನೆ. ಅವನ ಬೆರಳಿನ ದಾರಿಯಲ್ಲಿ ಎಷ್ಟು ಹುಡುಕಿದರೂ ಬರಿಯ ಗೋಡೆ. ಅವನು ತೋರಿಸುತ್ತಿರುವುದು ಏನು?

ಮಸಿಬೆರಳು
ಏನನ್ನೂ ಅಲ್ಲ. ಪಿರಾನೇಸಿಯ ಮನುಷ್ಯರೆಲ್ಲ ಹಾಗೆಯೇ, ಹಾಳೆಯ ತುಂಬ ಕೈ ಬೀಸುತ್ತಿರುತ್ತಾರೆ. ಅವರು ಅಷ್ಟು ಚಿಕ್ಕದಾಗಿರುವುದರಿಂದಲೇ ಕಲ್ಲು ಅಷ್ಟು ದೊಡ್ಡದು.

ಸಂದೇಹಿ
ಅದರ ಒಂದು ಫೋಟೋ ಹಾಕಿ. ಆ ಮನುಷ್ಯನನ್ನು ಮಾತ್ರ.